ಹಳೇ ಬಾಕ್ಸ್‌ಟರ್‌ಗೆ ದುಡ್ಡು ಹಾಕುವುದೋ, ಎಸ್ ತಗೊಳ್ಳುವುದೋ?

ನಿಮ್ಮ 1998ರ ಪೋರ್ಷೆ ಬಾಕ್ಸ್‌ಟರ್‌ಗೆ ಪವರ್ ಸಾಲುತ್ತಿಲ್ಲ, ಅದರ ಎಂಜಿನ್‌ಗೇ ಖರ್ಚು ಮಾಡಲೋ ಅಥವಾ ಮಾರಿ 2001ರ ಬಾಕ್ಸ್‌ಟರ್ ಎಸ್ ತಗೊಳ್ಳಲೋ ಎಂದು ಕೇಳಿದ್ದೀರಿ. ಬೇಕಿರುವುದು ಪವರ್ ಮಾತ್ರ ಆದರೆ ಎಸ್ ತಗೊಳ್ಳಿ. ನಿಮ್ಮ 2.5 ಲೀಟರ್ ಎಂಜಿನ್‌ನದು ಸುಮಾರು 200 ಹಾರ್ಸ್‌ಪವರ್, ಎಸ್‌ನ 3.2 ಲೀಟರ್‌ನದು ಸುಮಾರು 250. ಫಿಲ್ಟರ್, ಎಕ್ಸಾಸ್ಟ್ ಬದಲಿಸಿ ಆ ಅಂತರ ತುಂಬಲು ಆಗುವುದಿಲ್ಲ, ಸುಮ್ನೆ ಸದ್ದು ಜಾಸ್ತಿಯಾಗುತ್ತದೆ ಅಷ್ಟೇ. ಎಸ್‌ಗೆ ಆರು ಗೇರ್, ದೊಡ್ಡ ಬ್ರೇಕ್ ಬೇರೆ ಇವೆ.

ಆದರೆ ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಇಂಟರ್‌ಮೀಡಿಯೇಟ್ ಶಾಫ್ಟ್ ಎಂಬ ದಂಡಕ್ಕೆ ಆಧಾರವಾಗಿರುವ ಬೇರಿಂಗ್) ವಿಷಯದಲ್ಲಿ ನಿಮ್ಮ ಕಾರೇ ಮೇಲು. ಅದರಲ್ಲಿರುವುದು ಎರಡು ಸಾಲು ಗುಂಡುಗಳಿರುವ ಗಟ್ಟಿ ಬೇರಿಂಗ್. 2000ದ ನಂತರದ ಹೆಚ್ಚಿನ ಎಂಜಿನ್‌ಗಳಲ್ಲಿ ಒಂದೇ ಸಾಲು, ಅದು ಕೈಕೊಟ್ಟರೆ ಎಂಜಿನ್ನೇ ಹೋಗಬಹುದು. ಹಾಗಾಗಿ ಎಸ್ ನೋಡಲು ಹೋದಾಗ ಬೇರಿಂಗ್ ಬದಲಿಸಿದ ಬಿಲ್ ಕೇಳಿ. ಆಯಿಲ್ ಫಿಲ್ಟರ್ ತೆಗೆಸಿ, ಅದರ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಲೋಹದ ಚೂರು ಮಿನುಗಿದರೆ ಆ ಕಾರು ಬೇಡವೇ ಬೇಡ. ಬೇರಿಂಗ್ ಹಳೆಯದಾಗಿದ್ದರೆ ಕ್ಲಚ್ ಜೊತೆಗೇ ಬದಲಿಸುವ ಲೆಕ್ಕ ಹಾಕಿ. ಹೇಗೂ ಎರಡಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು ಅಲ್ವಾ?

ಇನ್ನೊಂದು ಮಾತು. ನಿಮ್ಮ ಕಾರಿನ ಶಾಕ್ ಅಬ್ಸಾರ್ಬರ್, ರಬ್ಬರ್ ಬುಷ್‌ಗಳು ಇನ್ನೂ ಹಳೆಯವೇ ಆಗಿದ್ದರೆ ಮೊದಲು ಅವನ್ನು ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ತಿರುವಿನಲ್ಲಿ ಕಾರು ಹಿಡಿತ ಕೊಡದಿದ್ದಾಗ ನಾವೇ ವೇಗ ತಗ್ಗಿಸುತ್ತೇವೆ, ಆಮೇಲೆ ಎಂಜಿನ್ ಮಂದ ಅನ್ನುತ್ತೇವೆ. ಎಸ್ ಓಡಿಸಿ ನೋಡುವುದು ಅದಾದ ಮೇಲಿರಲಿ.