ಹಾಡು ಧಾರಾಳವಾಗಿ ಕಳಿಸಿ, ಟೋಪಿ ಮಾತ್ರ ಕೊಳ್ಳಬೇಡಿ

ಪಿಟ್ಸ್‌ಬರ್ಗಿಗೆ ಸ್ವಾಗತ. ನಿಮ್ಮ ಪ್ರಶ್ನೆ ಓದಿದೆ. ಎಚ್-1ಬಿ ಕೆಲಸದ ವೀಸಾ ಮೇಲೆ ಬೆಂಗಳೂರಿನಿಂದ ಬಂದಿದ್ದೀರಿ, ಇಲ್ಲಿಯ ಚಳಿ ಇನ್ನೂ ನೋಡಿಲ್ಲ. ಆಫೀಸಿನ ಚಾಟ್‌ನಲ್ಲಿ ಸಂಗೀತಕ್ಕೆ ಅಂತ ಒಂದು ಗುಂಪಿದೆ, ಪ್ರತಿ ಶುಕ್ರವಾರ ಒಬ್ಬೊಬ್ಬರು ಒಂದೊಂದು ಹಾಡು ಹಾಕುತ್ತಾರೆ. ನವೆಂಬರ್ 3ರ ಮಧ್ಯಂತರ ಚುನಾವಣೆ (ಅಧ್ಯಕ್ಷರ ಅವಧಿಯ ನಡುವೆ ನಡೆಯುವ ಸಂಸತ್ ಚುನಾವಣೆ) ಹತ್ತಿರ ಬಂದಂತೆ ಅದರೊಳಗೆ ರಾಜಕೀಯವೂ ನುಸುಳುತ್ತಿದೆ. "ನಾನು ಸುಮ್ನೆ ಹಾಡು ಹಾಕಿಕೊಂಡು ಇದ್ದುಬಿಡ್ಲಾ? ಯಾರಾದ್ರೂ ಅಭಿಪ್ರಾಯ ಕೇಳಿದ್ರೆ ಏನು ಹೇಳ್ಲಿ?" ಅಂತ ಕೇಳಿದ್ದೀರಿ.

ಹಾಡು ಸೇಫ್, ರಾಜಕೀಯ ಡೇಂಜರ್ ಅನ್ನೋದು ನಿಮ್ಮ ಲೆಕ್ಕ. ಅದು ಇಲ್ಲಿ ಸರಿಹೋಗಲ್ಲ. ಚುನಾವಣೆ ಕಾಲದಲ್ಲಿ ಹಾಡಿಗೂ ಪಕ್ಷ ಅಂಟಿಕೊಳ್ಳುತ್ತೆ. ಇನ್ನು ರಾಜಕೀಯದ ಮಾತು, ಇಬ್ಬರೇ ಕೂತು ಆಡಿದರೆ ನೀವು ಹೆದರಿದಷ್ಟು ಕೆಟ್ಟದ್ದೇನಲ್ಲ.

ಈ ಊರಿನಲ್ಲಂತೂ ಹಾಡು, ಚುನಾವಣೆ ಎರಡೂ ಮೊದಲಿನಿಂದ ಜೊತೆಗೇ ಇವೆ. ಫ್ರಾಂಕ್ ಕಾನ್ರಾಡ್ ಅಂತ ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರ್ ಒಬ್ಬನಿದ್ದ. ವಿಲ್ಕಿನ್ಸ್‌ಬರ್ಗ್‌ನಲ್ಲಿ ತನ್ನ ಮನೆಯ ಗ್ಯಾರೇಜಿನಲ್ಲೇ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಯೋಗ ಮಾಡುತ್ತಿದ್ದ. ಬರೀ ಮಾತಾಡೋ ಬದಲು ಗ್ರಾಮಫೋನ್ ರೆಕಾರ್ಡ್ ಹಾಕತೊಡಗಿದ. ಕೇಳುಗರು ಹೆಚ್ಚಿದರು, ಇಂಥ ಹಾಡು ಹಾಕಿ ಅಂತ ಕೇಳತೊಡಗಿದರು. ರೆಕಾರ್ಡು ಸಾಲದೆ ಹೋದಾಗ ಅದೇ ಊರಿನ ಅಂಗಡಿಯವನು ಎರವಲು ಕೊಟ್ಟ. ಒಂದೇ ಷರತ್ತು, ಅಂಗಡಿ ಹೆಸರು ಹೇಳಬೇಕು. ಇದರಲ್ಲಿ ರೇಡಿಯೊ ಮಾರುವ ದಾರಿ ಇದೆ ಅಂತ ಕಂಪನಿಗೆ ಹೊಳೆಯಿತು. 1920ರ ನವೆಂಬರ್ 2ರ ರಾತ್ರಿ ಹಾರ್ಡಿಂಗ್ ಮತ್ತು ಕಾಕ್ಸ್ ನಡುವಿನ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಈಸ್ಟ್ ಪಿಟ್ಸ್‌ಬರ್ಗ್‌ನ ಕಾರ್ಖಾನೆಯಿಂದ ಕೆಡಿಕೆಎ ಕೇಂದ್ರ ಬಿತ್ತರಿಸಿತು. ಎಣಿಕೆಯ ಸುದ್ದಿ ಬರುವ ನಡುವೆ ಸಂಗೀತ. ಅಂದರೆ ನಿಮ್ಮ ಆಫೀಸ್ ಗುಂಪಿನಲ್ಲಿ ಈಗ ನಡೆಯುತ್ತಿರುವುದೇ! (ನಮ್ಮ ಮೈಸೂರಿನಲ್ಲೂ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ರೇಡಿಯೊ ಶುರು ಮಾಡಿದ್ದು ಮನೆಯಿಂದಲೇ. ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಅಲ್ಲಿಂದ.)

ಇನ್ನು 1984. ಅಧ್ಯಕ್ಷ ರೇಗನ್ ಎರಡನೇ ಅವಧಿಗೆ ನಿಂತಿದ್ದರು. ಸೆಪ್ಟೆಂಬರ್ 19ರಂದು ನ್ಯೂಜೆರ್ಸಿಯ ಹ್ಯಾಮಂಟನ್‌ನಲ್ಲಿ ಭಾಷಣ ಮಾಡುತ್ತಾ, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ದೇಶಕ್ಕೆ ಭರವಸೆಯ ಸಂದೇಶ ಇದೆ ಅಂತ ಹೊಗಳಿದರು. ಆಗ ಎಲ್ಲೆಲ್ಲೂ ಮೊಳಗುತ್ತಿದ್ದ ಆತನ 'ಬಾರ್ನ್ ಇನ್ ದಿ ಯುಎಸ್‌ಎ' ಕೇಳಲು ಬಾವುಟ ಹಾರಿಸಿದ ಹಾಗಿದೆ. ಸಾಲು ಗಮನಿಸಿದರೆ ಅದು ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದು ಕೆಲಸ ಸಿಗದೆ ಅಲೆಯುವವನ ಗೋಳು. ಕೆಲವೇ ದಿನಗಳಲ್ಲಿ ಸ್ಪ್ರಿಂಗ್‌ಸ್ಟೀನ್ ಸಂಗೀತ ಕಛೇರಿ ಇದ್ದಿದ್ದು ನಮ್ಮ ಪಿಟ್ಸ್‌ಬರ್ಗ್‌ನಲ್ಲೇ, ಸಿವಿಕ್ ಅರೀನಾದಲ್ಲಿ. ಅಧ್ಯಕ್ಷರಿಗೆ ನನ್ನ ಯಾವ ಆಲ್ಬಂ ಇಷ್ಟವೋ ಏನೋ ಅಂತ ವೇದಿಕೆ ಮೇಲೇ ಚಿವುಟಿ, ಕೆಲಸ ಕಳೆದುಕೊಂಡ ಕಾರ್ಖಾನೆ ಕಾರ್ಮಿಕನ ಹಾಡು ಎತ್ತಿಕೊಂಡ. ಹೋಮ್‌ಸ್ಟೆಡ್ ಉಕ್ಕಿನ ಕಾರ್ಮಿಕರ ಸಂಘ ನಡೆಸುತ್ತಿದ್ದ ಆಹಾರ ನಿಧಿಗೆ ದುಡ್ಡನ್ನೂ ಕೊಟ್ಟ. ಆ 'ಬಾರ್ನ್ ಇನ್ ದಿ ಯುಎಸ್‌ಎ' ಹಾಡನ್ನು ನೀವು ಇವತ್ತು ಗುಂಪಿನಲ್ಲಿ ಹಾಕಿದರೆ ಒಬ್ಬರಿಗೆ ದೇಶಭಕ್ತಿ ಕೇಳಿಸುತ್ತೆ, ಇನ್ನೊಬ್ಬರಿಗೆ ಅಪ್ಪನ ಕೆಲಸ ಹೋದ ವರ್ಷ ನೆನಪಾಗುತ್ತೆ.

ಆ ಸಿವಿಕ್ ಅರೀನಾ ಈಗಿಲ್ಲ. ಅದನ್ನು ಕಟ್ಟಲು 1950ರ ದಶಕದಲ್ಲಿ ಹಿಲ್ ಡಿಸ್ಟ್ರಿಕ್ಟ್‌ನ ಕೆಳಭಾಗ ಕೆಡವಿ ಸುಮಾರು 8,000 ಜನರನ್ನು ಒಕ್ಕಲೆಬ್ಬಿಸಿದ್ದರು. ಜಾಸ್ತಿ ಜನ ಕಪ್ಪು ಕುಟುಂಬದವರು. ಜಾಝ್‌ಗೆ ಹೆಸರಾದ ಬಡಾವಣೆ ಅದು. ಆರ್ಟ್ ಬ್ಲೇಕಿ, ಬಿಲ್ಲಿ ಸ್ಟ್ರೇಹಾರ್ನ್, ಮೇರಿ ಲೂ ವಿಲಿಯಮ್ಸ್, ಇವರೆಲ್ಲ ಬೆಳೆದದ್ದು ಈ ಊರಲ್ಲಿ. ಹಳೆಯ ಪಿಟ್ಸ್‌ಬರ್ಗಿನವರ ಜೊತೆ ಜಾಝ್ ಮಾತು ತೆಗೆಯಿರಿ, ಹತ್ತು ನಿಮಿಷದಲ್ಲಿ ಮಾತು ಅರೀನಾಕ್ಕೆ, ಅಲ್ಲಿಂದ ಸಿಟಿ ಕೌನ್ಸಿಲ್‌ಗೆ ಹೋಗಿರುತ್ತೆ. ಓಕ್‌ಲ್ಯಾಂಡಿನಲ್ಲಿ ಸ್ಟೀಫನ್ ಫಾಸ್ಟರ್ ಪ್ರತಿಮೆ ಇತ್ತು. 1826ರಲ್ಲಿ ಇಲ್ಲೇ ಲಾರೆನ್ಸ್‌ವಿಲ್‌ನಲ್ಲಿ ಹುಟ್ಟಿದ, ಹಾಡು ಕಟ್ಟುತ್ತಿದ್ದವನು, ಇಡೀ ಅಮೆರಿಕ ಅವನ ಹಾಡು ಗುನುಗಿದೆ. ಪ್ರತಿಮೆಯಲ್ಲಿ ಅವನ ಕಾಲ ಬಳಿ ಬ್ಯಾಂಜೊ ಹಿಡಿದ ಕಪ್ಪು ಮನುಷ್ಯ ಕೂತಿದ್ದ. ವರ್ಷಗಟ್ಟಲೆ ಜಗಳ ಆಗಿ 2018ರಲ್ಲಿ ನಗರದವರು ಅದನ್ನು ತೆಗೆದರು.

2024ರ ಅಧ್ಯಕ್ಷ ಚುನಾವಣೆಯ ಕೊನೆಯ ದಿನಗಳ ಬಗ್ಗೆಯೂ ಹೇಳಲೇಬೇಕು. ನಮ್ಮಲ್ಲಿ ಮತದಾನ ಮುಗಿಯಲು 48 ಗಂಟೆ ಇರುವಾಗ ಪ್ರಚಾರ ನಿಲ್ಲುತ್ತೆ, ಅಲ್ವಾ? ಇಲ್ಲಿ ಹಾಗಿಲ್ಲ. ನವೆಂಬರ್ 4ರ ಸಂಜೆ, ಅಂದರೆ ಮತದಾನದ ಹಿಂದಿನ ದಿನ, ಟ್ರಂಪ್ ಮತ್ತು ಕಮಲಾ ಹ್ಯಾರಿಸ್ ಇಬ್ಬರೂ ಪಿಟ್ಸ್‌ಬರ್ಗ್‌ಗೆ ಬಂದಿದ್ದರು. ಟ್ರಂಪ್ ಪಿಪಿಜಿ ಪೇಂಟ್ಸ್ ಅರೀನಾದಲ್ಲಿ. ಹ್ಯಾರಿಸ್ ಕ್ಯಾರಿ ಫರ್ನೇಸಸ್‌ನಲ್ಲಿ, ತುಕ್ಕು ಹಿಡಿದು ನಿಂತಿರುವ ಹಳೆಯ ಉಕ್ಕಿನ ಕುಲುಮೆಗಳ ಮುಂದೆ. ಅಲ್ಲಿ ಕೇಟಿ ಪೆರಿ ಹಾಡಿದಳು. ಪೆನ್ಸಿಲ್ವೇನಿಯಾ 2016ರಲ್ಲಿ ಟ್ರಂಪ್, 2020ರಲ್ಲಿ ಬೈಡನ್, 2024ರಲ್ಲಿ ಮತ್ತೆ ಟ್ರಂಪ್ ಕಡೆ ಹೋದ ರಾಜ್ಯ. ಅದಕ್ಕೇ ನಮಗೆ ಇಷ್ಟು ಉಪಚಾರ. ಟಿವಿ ಹಾಕಿದರೆ ಸಾಕು, ಜಾಹೀರಾತಿನ ನಡುವೆ ಕಾರ್ಯಕ್ರಮ ಹುಡುಕಬೇಕು.

ಆ ಸಲದ ಹಾಡುಗಳ ಗುರುತು ಇನ್ನೂ ಅಳಿಸಿಲ್ಲ. ಬಿಯಾನ್ಸೆಯ 'ಫ್ರೀಡಂ' ಅಂದರೆ ಹ್ಯಾರಿಸ್. ವಿಲೇಜ್ ಪೀಪಲ್‌ನ 'ವೈಎಂಸಿಎ', ಲೀ ಗ್ರೀನ್‌ವುಡ್‌ನ 'ಗಾಡ್ ಬ್ಲೆಸ್ ದಿ ಯುಎಸ್‌ಎ' ಅಂದರೆ ಟ್ರಂಪ್. ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾ ಹತ್ತಿರದ ಓಕ್ಸ್ ಅನ್ನೋ ಊರಲ್ಲಿ ಟ್ರಂಪ್ ಪ್ರಶ್ನೋತ್ತರ ನಿಲ್ಲಿಸಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬರೀ ಹಾಡು ಹಾಕಿಸಿಕೊಂಡು ನಿಂತಲ್ಲೇ ತೂಗಾಡಿದ್ದರು. ಹಾಡಿದವರು ಒಪ್ಪಿರಲೇಬೇಕು ಅಂತೇನಿಲ್ಲ. ಹಾಡಿನ ಹಕ್ಕು ನೋಡಿಕೊಳ್ಳುವ ಆಸ್ಕ್ಯಾಪ್, ಬಿಎಂಐ ಸಂಸ್ಥೆಗಳಿಂದ ಪ್ರಚಾರದವರು ಒಟ್ಟಾಗಿ ಲೈಸೆನ್ಸ್ ಕೊಳ್ಳುತ್ತಾರೆ. ನನ್ನದು ಬೇಡ ಅಂತ ಕಲಾವಿದರು ಹಿಂತೆಗೆಯಬಹುದು. ನೀಲ್ ಯಂಗ್ 2020ರಲ್ಲಿ ಟ್ರಂಪ್ ಪ್ರಚಾರದ ಮೇಲೆ ಕೇಸನ್ನೇ ಹಾಕಿದ್ದ.

ಹಾಗಂತ ಹೆದರಿ ಹಾಡು ಕಳಿಸದೆ ಇರಬೇಡಿ. ಹೊಸಬರಿಗೆ ಇಲ್ಲಿ ಗೆಳೆತನ ಬೆಳೆಯಲು ಇಷ್ಟು ಒಳ್ಳೆ ದಾರಿ ಇನ್ನೊಂದಿಲ್ಲ. ಅಮೆರಿಕದ ಹಾಡು ಹಾಕುವ ಮುಂಚೆ ಯಾವ ರ್‍ಯಾಲಿಯಲ್ಲಿ ಮೊಳಗಿದೆ ಅಂತ ಒಂದು ಸಲ ಹುಡುಕಿ ನೋಡಿ, ಅಷ್ಟು ಸಾಕು. ಇಲ್ಲಿಯ ಫುಟ್‌ಬಾಲ್ ತಂಡ ಸ್ಟೀಲರ್ಸ್‌ನ ಬಣ್ಣ ಹೊಗಳುವ ವಿಜ್ ಖಲೀಫಾ ಹಾಡಾದರೆ ಅದೂ ಬೇಡ, ಎರಡೂ ಪಕ್ಷದವರು ಎದ್ದು ಕುಣಿಯುತ್ತಾರೆ. ಕನ್ನಡದ್ದಾದರೆ ನನ್ನ ಅನುಭವದಲ್ಲಿ ಮೊದಲ ಹಾಡು ಚಿಕ್ಕದಿರಬೇಕು, ಲಯ ಗಟ್ಟಿ ಇರಬೇಕು. ಶಿಶುನಾಳ ಶರೀಫರ ಪದಗಳು ಚೆನ್ನಾಗಿ ನಾಟುತ್ತವೆ. ಸಿ. ಅಶ್ವತ್ಥ್ ಹಾಡಿದ್ದು ಕಳಿಸಿ, ಗಿಟಾರ್ ಇಷ್ಟಪಡುವವರಿಗೆ ರಘು ದೀಕ್ಷಿತ್ ಹಾಡಿದ್ದು ಕಳಿಸಿ. ಮುಸ್ಲಿಂ ಮನೆಯಲ್ಲಿ ಹುಟ್ಟಿದವನಿಗೆ ಬ್ರಾಹ್ಮಣ ಗೋವಿಂದ ಭಟ್ಟರು ಗುರುವಾದ ಕಥೆ ಎರಡು ಸಾಲು ಬರೆಯಿರಿ, ಜನ ಕೇಳಿ ಕೇಳಿ ತಿಳಿದುಕೊಳ್ಳುತ್ತಾರೆ. ಮಲ್ಲಿಕಾರ್ಜುನ ಮನ್ಸೂರರನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ. ಒಂದೇ ದಿನ ಏಳು ಲಿಂಕ್ ಸುರಿಯಬೇಡಿ ಮಾರಾಯರೇ, ಒಂದನ್ನೂ ಯಾರೂ ಒತ್ತಲ್ಲ.

ನಮ್ಮ ಪಕ್ಕದ ಮನೆಯವನ ವಿಷಯ ಹೇಳ್ತೀನಿ. ಅವನ ಅಪ್ಪ, ಅಜ್ಜ ಇಬ್ಬರೂ ಉಕ್ಕಿನ ಕಾರ್ಖಾನೆಯಲ್ಲಿದ್ದವರು, ಸ್ಲೋವಾಕ್ ಮೂಲದವರು. ಚುನಾವಣೆ ಬಂದರೆ ಹುಲ್ಲಿನ ಮೇಲೆ ಬೋರ್ಡು ನೆಡುತ್ತಾನೆ, ನನ್ನ ವೋಟು ಹೋಗುವುದು ಆ ಬೋರ್ಡಿನ ಎದುರು ಪಕ್ಷಕ್ಕೆ. ಇಬ್ಬರಿಗೂ ಗೊತ್ತು. ಒಂದು ಶನಿವಾರ ನಾನು ಗ್ಯಾರೇಜಿನಲ್ಲಿ ಡೊಳ್ಳು ಕುಣಿತದ ರೆಕಾರ್ಡಿಂಗ್ ಹಾಕಿಕೊಂಡು ಕೆಲಸ ಮಾಡ್ತಿದ್ದೆ. ಮೊವರ್ ನಿಲ್ಲಿಸಿ ಬೇಲಿ ಹತ್ತಿರ ಬಂದ. ಸುಮ್ಮನೆ ಕೇಳಿದ. ಒಳಗೆ ಹೋಗಿ ಒಂದು ಪೋಲ್ಕಾ ಎಲ್‌ಪಿ ತಂದ, ಅಕಾರ್ಡಿಯನ್‌ನದು, ಕವರ್ ಮೂಲೆಗೆ ಟೇಪ್ ಅಂಟಿಸಿದ್ದ. ಅಜ್ಜನ ಮದುವೆಯಲ್ಲಿ ನುಡಿಸಿದ ಧಾಟಿ ಇದು ಅಂದ. ಅವತ್ತು ಕೇಳಿದೆ, ಯಾಕೆ ಆ ಬೋರ್ಡು ಅಂತ. ಕಾರ್ಖಾನೆ ಮುಚ್ಚಿದ ಮೇಲೆ ಬೀದಿಯಲ್ಲಿ ಯಾವ್ಯಾವ ಮನೆ ಖಾಲಿ ಆಯಿತು ಅಂತ ಒಂದೊಂದಾಗಿ ಕೈತೋರಿಸಿ ಹೇಳಿದ. ನಾನೂ ಹೇಳಿದೆ, ಗ್ರೀನ್ ಕಾರ್ಡಿಗೆ ಒಂದೇ ದೇಶದವರಿಗೆ ಶೇಕಡಾ 7ರ ಮಿತಿ ಇದೆ, ಅದಕ್ಕೆ ಭಾರತದವರ ಸಾಲು ವರ್ಷಾನುಗಟ್ಟಲೆ ಕರಗಲ್ಲ ಅಂತ. ಅವನಿಗೆ ಅದು ಗೊತ್ತೇ ಇರಲಿಲ್ಲ. ಅವನ ವೋಟು ಬದಲಾಗಿಲ್ಲ, ನನ್ನದೂ ಇಲ್ಲ. ಇದೇ ಮಾತನ್ನು ಹದಿನೈದು ಜನರ ಚಾಟ್‌ನಲ್ಲಿ ಟೈಪ್ ಮಾಡಿದ್ದರೆ ಜಗಳ ಆಗ್ತಿತ್ತು.

ಆದ್ದರಿಂದ ಗುಂಪಿನಲ್ಲಿ ಯಾರಾದರೂ ನಿಮ್ಮ ಅಭಿಪ್ರಾಯ ಕೇಳಿದರೆ, "ನನಗಿಲ್ಲಿ ವೋಟಿಲ್ಲ, ನಿಮ್ಮದು ಯಾರಿಗೆ, ಯಾಕೆ?" ಅಂತ ವಾಪಸ್ ಕೇಳಿ. ಊಟಕ್ಕೆ ಹೋದಾಗ ಮುಂದುವರಿಸಿ. ಅಭಿಪ್ರಾಯವೇ ಇಲ್ಲ ಅಂತ ನಟಿಸಬೇಡಿ, ಅದನ್ನು ಯಾರೂ ನಂಬಲ್ಲ.

ಕಾನೂನಿನ ವಿಷಯ ಮಾತ್ರ ಗಂಭೀರ. ವಾಕ್ ಸ್ವಾತಂತ್ರ್ಯ ಕೊಡುವ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ನಿಮ್ಮ ಕಂಪನಿಯನ್ನಲ್ಲ. ಚಾಟ್ ಕಂಪನಿಯದು, ಅಲ್ಲಿ ಬರೆದದ್ದು ಉಳಿಯುತ್ತೆ. ಕೆಲಸ ಹೋದರೆ ಎಚ್-1ಬಿಯವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ವೀಸಾ ಅರ್ಜಿಯಲ್ಲಿ 2019ರಿಂದ ಸೋಶಿಯಲ್ ಮೀಡಿಯಾ ಖಾತೆಗಳನ್ನು ಕೇಳುತ್ತಾರೆ. 2025ರ ಡಿಸೆಂಬರ್‌ನಿಂದ ಎಚ್-1ಬಿ ಮತ್ತು ಎಚ್-4 (ಅವರ ಕುಟುಂಬದವರ ವೀಸಾ) ಅರ್ಜಿದಾರರೂ ಪ್ರೊಫೈಲ್ ಪಬ್ಲಿಕ್ ಮಾಡಿಡಬೇಕು. ಇದು ನನಗೆ ಸರಿ ಕಾಣುವುದಿಲ್ಲ, ಆದರೆ ವೀಸಾ ಸ್ಟಾಂಪಿಂಗ್‌ಗೆ ಚೆನ್ನೈಗೆ ಹೋಗೋದು ನೀವು, ನಾನಲ್ಲ.

ದುಡ್ಡು ಕೊಡುವ ಹಾಗೇ ಇಲ್ಲ. ಗ್ರೀನ್ ಕಾರ್ಡ್ ಬರುವವರೆಗೆ ಯಾವ ಅಭ್ಯರ್ಥಿಗೂ, ಊರಿನ ಸ್ಕೂಲ್ ಬೋರ್ಡ್ ಚುನಾವಣೆಗೂ ನೀವು ದೇಣಿಗೆ ಕೊಡಬಾರದು. ಪ್ರಚಾರದವರ ಅಂಗಡಿಯಲ್ಲಿ ಒಂದು ಟೋಪಿ ಅಥವಾ ಟೀ ಶರ್ಟ್ ಕೊಂಡರೂ ಅದು ದೇಣಿಗೆಯ ಲೆಕ್ಕಕ್ಕೇ ಬರುತ್ತೆ. ತಮಾಷೆಗೆ ಅಂತ ಕೊಂಡು ಊರಿಗೆ ಕಳಿಸೋಣ ಅನ್ನುವವರು ತುಂಬಾ ಜನ. ಬೇಡ. ಆದರೆ ಸಂಬಳ ತೆಗೆದುಕೊಳ್ಳದೆ ಸ್ವಯಂಸೇವಕರಾಗಿ ಕೆಲಸ ಮಾಡಬಹುದು, ರ್‍ಯಾಲಿಗೆ ಹೋಗಿ ನೋಡಬಹುದು. ಹಾಡಲೂಬಹುದು! 2008ರಲ್ಲಿ ಬ್ರಿಟನ್ನಿನ ಎಲ್ಟನ್ ಜಾನ್ ಹಿಲರಿ ಕ್ಲಿಂಟನ್ ಪರವಾಗಿ ನಿಧಿ ಸಂಗ್ರಹಕ್ಕೆ ಸಂಗೀತ ಕಛೇರಿ ಕೊಟ್ಟ. ವಿದೇಶಿ ಹೇಗೆ ಹಾಡಿದ ಅಂತ ದೂರು ಹೋಯಿತು. ಸಂಭಾವನೆ ಇಲ್ಲದೆ ಹಾಡಿದ್ದು ಸ್ವಯಂಸೇವೆ, ತಪ್ಪಿಲ್ಲ ಅಂತ ಚುನಾವಣಾ ಆಯೋಗ ಕೈಬಿಟ್ಟಿತು. ಒಂದು ಹಾಡು ಹಾಡಿದರೆ ಪರವಾಗಿಲ್ಲ, ಒಂದು ಟೋಪಿ ಕೊಂಡರೆ ತಪ್ಪು. ನನಗಂತೂ ಈ ನಿಯಮ ಓದಿದಾಗಲೆಲ್ಲ ನಗು ಬರುತ್ತೆ.

ಡ್ರೈವಿಂಗ್ ಲೈಸೆನ್ಸಿಗೆ ಪೆನ್‌ಡಾಟ್ (ರಾಜ್ಯದ ಸಾರಿಗೆ ಇಲಾಖೆ) ಕಚೇರಿಗೆ ಹೋದಾಗ ಸ್ಕ್ರೀನ್ ಮೇಲೆ ಬರುವುದನ್ನೆಲ್ಲ ಓದಿ ಒತ್ತಿ. 2023ರ ಸೆಪ್ಟೆಂಬರ್‌ನಿಂದ ಈ ರಾಜ್ಯದಲ್ಲಿ ಅರ್ಹರು ಬೇಡ ಅನ್ನದಿದ್ದರೆ ಮತದಾರರ ನೋಂದಣಿ ತಾನಾಗೇ ಮುಂದುವರಿಯುವ ವ್ಯವಸ್ಥೆ ಇದೆ. ನಾಗರಿಕರೇ ಅಂತ ಕೇಳಿದರೆ ಇಲ್ಲ ಅನ್ನಿ. ನಾಗರಿಕರಲ್ಲದವರು ಫೆಡರಲ್ ಚುನಾವಣೆಯಲ್ಲಿ ವೋಟು ಹಾಕಿದರೆ ಅಪರಾಧ, ಗಡೀಪಾರೂ ಆಗಬಹುದು.

ಕೊನೆಗೆ ನಮ್ಮವರ ವಾಟ್ಸ್ಯಾಪ್ ಗುಂಪುಗಳು. ಆಫೀಸಿಗಿಂತ ಇಲ್ಲೇ ಜಾಸ್ತಿ ಹುಷಾರಾಗಿರಿ. ಕನ್ನಡಿಗರೆಲ್ಲ ಒಂದೇ ಪಕ್ಷ ಅಂತ ತಿಳಿಯಬೇಡಿ. ತೆರಿಗೆ ಕಡಿಮೆಯಾಗಲಿ ಅನ್ನುವ ಡಾಕ್ಟರ್, ವೀಸಾ ಸಿಟ್ಟಿನ ಐಟಿ ದಂಪತಿ, ಇಲ್ಲೇ ಹುಟ್ಟಿ ಅಪ್ಪ ಅಮ್ಮನ ಜೊತೆ ವಾದ ಮಾಡುವ ಮಕ್ಕಳು, ಎಲ್ಲರೂ ಇದ್ದಾರೆ. ಮೇಲಿನಿಂದ ಊರಿನ ರಾಜಕೀಯ ಬೇರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರಲ್ಲಿ ಮಿಷಿಗನ್‌ನಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಗೆದ್ದಾಗ, ಅವರ ಕ್ಷೇತ್ರದ ಡೆಟ್ರಾಯಿಟ್ ಬಗ್ಗೆ ಮಾತು ಬರುವ ಮುಂಚೆ ಅವರು ಮರಾಠಿಯವರೋ ನಮ್ಮವರೋ ಅನ್ನೋ ಚರ್ಚೆ ಶುರುವಾಗಿತ್ತು.

ಕನ್ನಡ ಕೂಟಗಳು ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳು. ಅವು ಅಭ್ಯರ್ಥಿ ಪರ ಪ್ರಚಾರ ಮಾಡುವಂತಿಲ್ಲ, 1954ರಿಂದಲೂ ಅದು ಕಾನೂನು. ಹಾಗಾಗಿ ನವೆಂಬರ್‌ನಲ್ಲಿ ರಾಜ್ಯೋತ್ಸವದ ವೇದಿಕೆ ಮೇಲೆ ಯಾರಿಗೂ ಓಟು ಕೇಳಿ ಅಂತ ಮೈಕ್ ಕೊಡಲ್ಲ. ಹಾಡಲು ಕೊಡುತ್ತಾರೆ, ಆದರೆ ಹೆಸರು ಬೇಗ ಕೊಡಿ, ಒಬ್ಬರಿಗೆ ಐದೇ ನಿಮಿಷ. ಟ್ರ್ಯಾಕ್ ಇದ್ದರೆ ಮುಂಚೆಯೇ ಕಳಿಸಿ, ಅವತ್ತು ಹಾಲ್‌ನಲ್ಲಿ ವೈ-ಫೈ ಸಿಗಲ್ಲ.