ಗ್ಯಾರೇಜ್ ಕಟ್ಟೆ: ಹಳೇ ವ್ಯಾಗನ್‌ ಎತ್ತರ ಮಾಡುವ ಮಾತು

ಈ ಸಲದ ಪತ್ರಗಳಲ್ಲಿ ಹಳೇ ಸ್ಟೇಷನ್ ವ್ಯಾಗನ್‌ಗಳದ್ದೇ ಕಾರುಬಾರು. ಮಾಡು ಹಿಂದಿನ ತುದಿಯವರೆಗೂ ಚಾಚಿ, ಉದ್ದನೆ ಡಿಕ್ಕಿ ಇರುವ ಕಾರುಗಳು ಇವು. ಎಲ್ಲರಿಗೂ ಗಾಡಿ ಎತ್ತರ ಆಗಬೇಕು, ಟೈರ್ ದೊಡ್ಡದಾಗಬೇಕು. ಬೇಡ ಅನ್ನುವವನು ನಾನಲ್ಲ. ಎಷ್ಟು ಎತ್ತರ ಅನ್ನುವಲ್ಲಿ ಮಾತ್ರ ನಿಮಗೂ ನನಗೂ ಸ್ವಲ್ಪ ಜಗಳ ಆಗಬಹುದು.

ಪ್ರಶ್ನೆ: ನನ್ನದು 2002ರ ಸುಬಾರು ಲೆಗಸಿ ವ್ಯಾಗನ್. ಔಟ್‌ಬ್ಯಾಕ್ ಅಲ್ಲ, ಮಾಮೂಲಿ ಲೆಗಸಿ. ಟೈರ್ 205/55 ಆರ್16. ಕಲ್ಲುದಾರಿಯಲ್ಲಿ ಹೊಟ್ಟೆ ಉಜ್ಜುತ್ತದೆ. 3 ಇಂಚಿನ ಸ್ಪೇಸರ್ (ಎತ್ತರಿಸಲು ಇಡುವ ತುಂಡು) ಹಾಕಿಸಿ, ಹಿಡಿಸುವಷ್ಟು ದೊಡ್ಡ ಟೈರ್ ತರೋಣ ಅಂತಿದ್ದೇನೆ. ಆಗಬಹುದಾ?

ಟೈರ್ ತನ್ನಿ. 3 ಇಂಚು ಬೇಡ. ನಾನು ಒಂದೂವರೆ ಇಂಚಿನ ಪಕ್ಷದವನು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಶಕ್ತಿ ಹೋಗುತ್ತದೆ. ಒಂದೊಂದು ಚಕ್ರಕ್ಕೂ ಒಂದೊಂದು ಶಾಫ್ಟ್, ಅದರ ಎರಡೂ ತುದಿಗೆ ಸಿವಿ ಜಾಯಿಂಟ್, ಅಂದರೆ ಬಗ್ಗಿಕೊಂಡೂ ಒಂದೇ ಸಮ ತಿರುಗಬಲ್ಲ ಕೀಲು. ಸ್ಟ್ರಟ್ ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ, ಚಕ್ರಕ್ಕೂ ಬಾಡಿಗೆ ನಡುವಿನ ಕಂಬ. ಅದರ ತಲೆಯ ಮೇಲೆ ಸ್ಪೇಸರ್ ಇಟ್ಟರೆ ಬಾಡಿ, ಇಂಜಿನ್, ಡಿಫರೆನ್ಷಿಯಲ್ (ಶಕ್ತಿಯನ್ನು ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಎಲ್ಲ ಮೇಲೆ ಹೋಗುತ್ತವೆ. ಚಕ್ರ ನೆಲದಲ್ಲೇ ಇರುತ್ತದೆ. ನಡುವಿನ ಶಾಫ್ಟ್ ಓರೆಯಾಗುತ್ತದೆ. ಒಂದೂವರೆ ಇಂಚಿಗೆ ಆ ಓರೆಯನ್ನು ಜಾಯಿಂಟ್ ತಡೆದುಕೊಳ್ಳುತ್ತದೆ. 3 ಇಂಚಿಗೆ ನೇರ ರಸ್ತೆಯಲ್ಲೂ ಅದು ಬಗ್ಗಿಕೊಂಡೇ ತಿರುಗಬೇಕು. ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಗ್ರೀಸ್ ಹೊರಗೆ, ಮಣ್ಣು ಒಳಗೆ. ಆಮೇಲೆ ಪ್ರತಿ ತಿರುವಿನಲ್ಲೂ ಟಕಟಕ ಶುರು.

ಸ್ಪೇಸರ್ ಬೇಡ, ಉದ್ದದ ಸ್ಪ್ರಿಂಗ್ ಹಾಕುತ್ತೇನೆ ಅನ್ನುವವರೂ ಇದ್ದಾರೆ. ಎರಡೂ ಒಂದೇ ಅಲ್ಲ. ಸ್ಪೇಸರ್ ಹಾಕಿದರೆ ಚಕ್ರ ಮೊದಲಿಗಿಂತ ಜಾಸ್ತಿ ಕೆಳಗೆ ಜೋತಾಡಬಲ್ಲದು, ಅಷ್ಟೇ ಕಡಿಮೆ ಮೇಲೇಳುತ್ತದೆ. ಹಾಗಾಗಿ ಶಾಫ್ಟಿಗೆ ಕಷ್ಟ, ಚಕ್ರದ ಮೇಲಿನ ತಗಡಿಗೆ, ಅಂದರೆ ಫೆಂಡರಿಗೆ ಸುಖ. ಸ್ಪ್ರಿಂಗ್ ಮಾತ್ರ ಬದಲಿಸಿದರೆ ಸ್ಟ್ರಟ್‌ನ ಉದ್ದ ಹಳೆಯದೇ. ಗಾಡಿ ಎತ್ತರ ನಿಂತಿರುತ್ತದೆ, ಆದರೆ ಚಕ್ರ ಕೆಳಗಿಳಿಯಲು ಜಾಗವೇ ಉಳಿದಿರುವುದಿಲ್ಲ. ಉಬ್ಬು ದಾಟಿದ ಕೂಡಲೇ ಸ್ಟ್ರಟ್ ಕೊನೆ ಮುಟ್ಟಿ 'ಢಬ್' ಅನ್ನುತ್ತದೆ. ಮತ್ತೆ ದೊಡ್ಡ ಗುಂಡಿಗೆ ಬಿದ್ದಾಗ ಚಕ್ರ ಮೊದಲಿನಷ್ಟೇ ಮೇಲೇಳುತ್ತದೆ. ದೊಡ್ಡ ಟೈರ್ ಇದ್ದರೆ ಫೆಂಡರ್ ಒಳಗೆ ತಾಗುವುದು ಆಗಲೇ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಾಗುವುದು ಟೈರ್ ಕೊಂಡ ಮೇಲೆ. ಮುಂದಿನ ಸ್ಟ್ರಟ್‌ನಲ್ಲಿ ಸ್ಪ್ರಿಂಗ್ ಕೂರುವ ತಟ್ಟೆ ಇದೆಯಲ್ಲ, ಅದು ಟೈರಿನ ನೆತ್ತಿಗೆ ಬಹಳ ಹತ್ತಿರ ಇರುತ್ತದೆ. ಸ್ಟ್ರಟ್ ಚಕ್ರದ ಜೊತೆಗೇ ಮೇಲೆ ಕೆಳಗೆ ಹೋಗುವುದರಿಂದ, ತಲೆಯ ಮೇಲೆ ಎಷ್ಟೇ ಸ್ಪೇಸರ್ ಪೇರಿಸಿದರೂ ತಟ್ಟೆಗೂ ಟೈರಿಗೂ ನಡುವಿನ ಸಂದು ಒಂದು ಕೂದಲಷ್ಟೂ ಜಾಸ್ತಿ ಆಗುವುದಿಲ್ಲ. ಫೆಂಡರಿನಲ್ಲಿ ಕೈ ಹೋಗುವಷ್ಟು ಜಾಗ ನೋಡಿ ಖುಷಿಪಡಬೇಡಿ. ಅಳೆಯಬೇಕಾದ್ದು ಆ ಸಂದು. ಈಗಿನ ಟೈರ್ ಇರುವಾಗಲೇ ಕೈಬೆರಳು ತೂರಿಸಿ ನೋಡಿ. ಹೊಸ ಟೈರಿನ ವ್ಯಾಸ ಎಷ್ಟು ಜಾಸ್ತಿಯೋ ಅದರ ಅರ್ಧ ಆ ಸಂದಿನಲ್ಲಿ ಕಳೆಯುತ್ತದೆ.

ಲೆಕ್ಕ ಸುಲಭ. 205 ಅಂದರೆ ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ, 55 ಅಂದರೆ ಬದಿಯ ಎತ್ತರ ಅಗಲದ ಶೇಕಡಾ 55, 16 ಅಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ನಿಮ್ಮ 205/55 ಆರ್16 ಟೈರಿನ ವ್ಯಾಸ ಸುಮಾರು 632 ಮಿ.ಮೀ. ಔಟ್‌ಬ್ಯಾಕ್ ಅಂದರೆ ಬೇರೇನಲ್ಲ, ನಿಮ್ಮ ಲೆಗಸಿ ವ್ಯಾಗನ್ನನ್ನೇ ಎತ್ತರಿಸಿ, ದಪ್ಪ ಟೈರ್ ತೊಡಿಸಿ, ಸುತ್ತ ಪ್ಲಾಸ್ಟಿಕ್ ಅಂಚು ಕಟ್ಟಿ 1994ರಲ್ಲಿ ಸುಬಾರು ತೋರಿಸಿದ ಗಾಡಿ. ನಿಮ್ಮ ಪೀಳಿಗೆಯ ಔಟ್‌ಬ್ಯಾಕ್‌ಗೆ ಕಂಪನಿ ಹಾಕಿದ್ದ ಟೈರ್ 225/60 ಆರ್16, ವ್ಯಾಸ 676 ಮಿ.ಮೀ. ಅಂದರೆ ಟೈರ್ ಒಂದರಿಂದಲೇ ಗಾಡಿ ಪೂರ್ತಿ 22 ಮಿ.ಮೀ. ಮೇಲೆ. ಅದಕ್ಕೆ ಒಂದೂವರೆ ಇಂಚು ಲಿಫ್ಟ್ ಸೇರಿಸಿ. ಹೊಟ್ಟೆಯ ಕೆಳಗೆ 60 ಮಿ.ಮೀ. ಸಿಕ್ಕಿತು. ಕಲ್ಲುದಾರಿಗೆ ಇಷ್ಟು ಸಾಲದು ಅಂದರೆ ಅದು ನಡೆದು ಹೋಗಬೇಕಾದ ದಾರಿ.

ಕಂಪನಿ ಬರೀ ಸ್ಪೇಸರ್ ಇಟ್ಟು ಬಿಟ್ಟಿರಲಿಲ್ಲ. ಸ್ಟ್ರಟ್ ಬೇರೆ. ಬಾಡಿಗೂ ಸಸ್ಪೆನ್ಷನ್ ಹಿಡಿದಿರುವ ಚೌಕಟ್ಟಾದ ಸಬ್‌ಫ್ರೇಮಿಗೂ ನಡುವೆಯೂ ತುಂಡುಗಳನ್ನು ಕೊಟ್ಟು, ಸಸ್ಪೆನ್ಷನ್ ತೋಳುಗಳ ಓರೆ ಕಡಿಮೆ ಮಾಡಿತ್ತು. ಹಾಗಾಗಿ ನನ್ನ ಸಲಹೆ: ಗುಜರಿಯಲ್ಲಿ ಅದೇ ಪೀಳಿಗೆಯ ಔಟ್‌ಬ್ಯಾಕ್ ಹುಡುಕಿ. ಸ್ಟ್ರಟ್, ಸ್ಪ್ರಿಂಗ್, ಆ ತುಂಡುಗಳು, ಅವುಗಳ ಉದ್ದದ ಬೋಲ್ಟ್ ಎಲ್ಲ ಒಟ್ಟಿಗೇ ಬಿಚ್ಚಿಸಿಕೊಳ್ಳಿ. ಸ್ಟ್ರಟ್ ಎಣ್ಣೆ ಸೋರುತ್ತಿದ್ದರೆ ಅದನ್ನು ಮಾತ್ರ ಹೊಸದು ತನ್ನಿ.

ಕೆಲಸ ಮುಗಿದ ಮೇಲೆ ಚಕ್ರಗಳ ಓರೆ, ದಿಕ್ಕು ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸದೆ ಹೊಸ ಟೈರಿನಲ್ಲಿ ಓಡಾಡಬೇಡಿ. ಸ್ಟ್ರಟ್ ಇರುವ ಗಾಡಿಯನ್ನು ಎತ್ತಿದರೆ ಕೆಳಗಿನ ತೋಳು ಜೋಲುತ್ತದೆ, ಚಕ್ರದ ಬುಡ ಒಳಕ್ಕೆ ಸರಿಯುತ್ತದೆ, ಟೋ, ಅಂದರೆ ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವ ಅಳತೆ, ಕೂಡ ಕೆಡುತ್ತದೆ. ಟೈರಿನ ಒಂದೇ ಅಂಚು ಸವೆದು ಹೋಗುತ್ತದೆ. ಒಂದು ಮುಂದಿನ ಚಕ್ರವನ್ನು ರ‍್ಯಾಂಪ್ ಹತ್ತಿಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಬ್ರೇಕ್ ಪೈಪ್ ಮತ್ತು ಎಬಿಎಸ್ ವೈರ್ ಎಳೆದು ಬಿಗಿಯಾಗಿದೆಯಾ ಅಂತ ಆಚೆ ಚಕ್ರದಲ್ಲಿ ನೋಡಿ. ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದು ನಿಧಾನಕ್ಕೆ ಒಂದು ಸುತ್ತು ಹೋಗಿ ಬನ್ನಿ. ಎಲ್ಲಿ ತಾಗುತ್ತದೋ ಅಲ್ಲಿ ಬಿಳಿ ಗುರುತು ಬಿದ್ದಿರುತ್ತದೆ.

ಹೆಡ್‌ಲೈಟನ್ನೂ ಸ್ವಲ್ಪ ಇಳಿಸಿ. ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಇದಕ್ಕೆಲ್ಲ ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಕೆಳಗೆ ಮಲಗಿ. ಸ್ಟ್ರಟ್ ತಲೆ ಕೂರುವ ಜಾಗ, ಜ್ಯಾಕ್ ಕೊಡುವ ಜಾಗ, ಸಬ್‌ಫ್ರೇಮ್ ಬೋಲ್ಟಿನ ಸುತ್ತ, ಹಿಂದಿನ ಚಕ್ರದ ಕಮಾನು, ಇಲ್ಲೆಲ್ಲ ಚುಚ್ಚಿ ನೋಡಿ. ಸ್ಕ್ರೂಡ್ರೈವರ್ ಒಳಗೆ ಹೋದರೆ ಲಿಫ್ಟಿನ ದುಡ್ಡು ವೆಲ್ಡಿಂಗಿಗೆ ಹೋಗಲಿ. ಸಸ್ಪೆನ್ಷನ್ನಿನ ಬುಶ್, ಬಾಲ್ ಜಾಯಿಂಟ್ ಅನ್ನುವ ಕೀಲುಗಳು ಸಡಿಲ ಇದ್ದರೂ ಅಷ್ಟೇ. ಇಪ್ಪತ್ತು ವರ್ಷದ ಗಾಡಿಯಲ್ಲಿ 'ಹೊಟ್ಟೆ ಉಜ್ಜುತ್ತದೆ' ಅನ್ನುವುದಕ್ಕೆ ಎಷ್ಟೋ ಸಲ ಕಾರಣ ಕುಸಿದ ಸ್ಪ್ರಿಂಗ್ ಅಷ್ಟೇ. ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ ಟೇಪ್ ಹಿಡಿಯಿರಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದರೆ ನಿಮಗೆ ಮೊದಲು ಬೇಕಾದ್ದು ಹೊಸ ಮಾಮೂಲಿ ಸ್ಪ್ರಿಂಗ್.

ಪ್ರಶ್ನೆ: ವ್ಯಾಗನ್ ಎತ್ತರಿಸುವ ಬದಲು ಎಸ್‌ಯುವಿ ತಗೋಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಏನು ಹೇಳಲಿ?

ಡಿಕ್ಕಿಯಲ್ಲಿ ಉದ್ದಕ್ಕೆ ಕಾಲು ಚಾಚಿ ಮಲಗಿ ತೋರಿಸಿ. ಆಮೇಲೆ ಅಮೆರಿಕದ ಎಎಂಸಿ ಈಗಲ್ ಬಗ್ಗೆ ಹೇಳಿ. 1980ರ ಮಾಡೆಲ್ ಆಗಿ ಬಂದ ಗಾಡಿ. ಮಾಮೂಲಿ ಕಾರಿನ ಬಾಡಿಯನ್ನು ಎತ್ತರಿಸಿ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟ ವ್ಯಾಗನ್ ಅದರಲ್ಲಿತ್ತು. ವೋಲ್ವೋ, ಆಡಿ ಕಂಪನಿಗಳು 1990ರ ದಶಕದ ಕೊನೆಗೆ ವಿ70 ಎಕ್ಸ್‌ಸಿ, ಆಲ್‌ರೋಡ್ ಅಂತ ಅದೇ ದಾರಿಗೆ ಬಂದವು. ಆಡಿಯವರು ಏರ್ ಸಸ್ಪೆನ್ಷನ್ ಕೊಟ್ಟು, ಹೈವೇಯಲ್ಲಿ ಗಾಡಿ ತಾನೇ ತಗ್ಗುವ ಹಾಗೆ ಮಾಡಿದರು. ಎತ್ತರ ಬೇಕಾದ ಕಡೆ ಮಾತ್ರ ಬೇಕು ಅನ್ನುವುದು ಅವರಿಗೂ ಗೊತ್ತಿತ್ತು, ಅಲ್ವಾ?

ಪ್ರಶ್ನೆ: ನನ್ನ ವೋಲ್ವೋ 240 ವ್ಯಾಗನ್‌ಗೆ ಹಿಂದೆ ಉದ್ದದ ಸ್ಪ್ರಿಂಗ್ ಹಾಕಿಸಿದೆ. 2 ಇಂಚು ಎದ್ದಿದೆ. ಆದರೆ ಈಗ ಒಂದು ಕಡೆ ಚಕ್ರ ಫೆಂಡರಿಗೆ ಇನ್ನೊಂದು ಕಡೆಗಿಂತ ಸುಮಾರು 1 ಸೆಂ.ಮೀ. ಹತ್ತಿರ ಬಂದಿದೆ. ಬಾಡಿ ಬಗ್ಗಿದೆಯಾ?

ಬಾಡಿ ಸರಿಯಾಗಿದೆ. 240ರ ಹಿಂದಿನ ಆಕ್ಸಲ್ ಒಂದೇ ಗಟ್ಟಿ ದಿಂಡು. ಅದು ಅಕ್ಕಪಕ್ಕ ಓಲಾಡದಂತೆ ಹಿಡಿಯಲು ಪ್ಯಾನ್‌ಹಾರ್ಡ್ ರಾಡ್ ಅನ್ನುವ ಅಡ್ಡ ಕಂಬಿ ಇದೆ. ಒಂದು ತುದಿ ಬಾಡಿಗೆ, ಇನ್ನೊಂದು ಆಕ್ಸಲಿಗೆ. ಬಾಡಿ ಎದ್ದಾಗ ಕಂಬಿ ಓರೆಯಾಗುತ್ತದೆ, ಅಡ್ಡಡ್ಡ ಅಳತೆಯಲ್ಲಿ ಗಿಡ್ಡವಾಗುತ್ತದೆ, ಆಕ್ಸಲನ್ನು ಬಾಡಿ ತುದಿಯ ಕಡೆಗೆ ಎಳೆಯುತ್ತದೆ. ಆಕ್ಸಲ್ 5 ಮಿ.ಮೀ. ಸರಿದರೆ ಎರಡು ಬದಿಯ ನಡುವೆ 10 ಮಿ.ಮೀ. ವ್ಯತ್ಯಾಸ ಕಾಣುತ್ತದೆ. ಉದ್ದ ಹೊಂದಿಸಬಹುದಾದ ಕಂಬಿ ಸಿಗುತ್ತದೆ. ಗಾಡಿ ತನ್ನ ಭಾರದ ಮೇಲೆ ನಿಂತಿರುವಾಗಲೇ ಅದನ್ನು ಸ್ವಲ್ಪ ಉದ್ದ ಮಾಡಿ ಆಕ್ಸಲನ್ನು ನಡುವಿಗೆ ತನ್ನಿ. ಜ್ಯಾಕಿನ ಮೇಲೆ ಎತ್ತಿ ಹೊಂದಿಸಿದರೆ ಮತ್ತೆ ತಪ್ಪುತ್ತದೆ.

ಕೇಳದೇ ಇದ್ದದ್ದನ್ನೂ ಹೇಳಿಬಿಡುತ್ತೇನೆ. ಈ ತರಹದ ಆಕ್ಸಲಿನಲ್ಲಿ ಡಿಫರೆನ್ಷಿಯಲ್ ಗುಂಡು ಚಕ್ರದ ಮಟ್ಟದಲ್ಲೇ ಇರುತ್ತದೆ. ಸ್ಪ್ರಿಂಗಿನಿಂದ ಬಾಡಿಯನ್ನು ಮುಗಿಲಿಗೆ ಎತ್ತಿದರೂ ಆ ಗುಂಡು ನೆಲದಿಂದ ಮೊದಲಿದ್ದಷ್ಟೇ ದೂರ. ಅದನ್ನು ಮೇಲೆತ್ತುವುದು ಟೈರ್ ಮಾತ್ರ. ಕಲ್ಲು ತಾಗುವುದೂ ಮೊದಲು ಅದಕ್ಕೇ. ಮುಂದಿನ ಪತ್ರದಲ್ಲಿ 'ಇನ್ನೆರಡು ಇಂಚು ಸ್ಪ್ರಿಂಗ್' ಅಂತ ಕೇಳಬೇಡಿ. ಟೈರಿನ ವಿಷಯ ಕೇಳಿ. ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಯಾವುದಾದರೂ ವೇಗದಲ್ಲಿ ಗುಂಯ್‌ಗುಟ್ಟಿ ನಡುಗುತ್ತಿದ್ದರೆ ಬರೆಯಿರಿ. ಅದು ಜಾಯಿಂಟಿನ ಕೋನದ ಕಥೆ, ಬೇರೆಯೇ ಮಾತಾಡಬೇಕು.

ಪ್ರಶ್ನೆ: 195/65 ಆರ್15 ತೆಗೆದು 205/70 ಆರ್15 ಹಾಕಿದೆ. ಮೈಲೇಜ್ ಇಳಿದಿದೆ. ಗಾಡಿ ಎಳೆಯುವುದೂ ಮಂದ.

ಮೈಲೇಜ್ ನೀವು ಅಂದುಕೊಂಡಷ್ಟು ಇಳಿದಿಲ್ಲ. ಹಳೇ ಟೈರಿನ ವ್ಯಾಸ ಸುಮಾರು 634 ಮಿ.ಮೀ., ಹೊಸದು 668. ಶೇಕಡಾ 5ಕ್ಕಿಂತ ತುಸು ಜಾಸ್ತಿ. ಈಗ ಗಾಡಿ ನಿಜವಾಗಿ 400 ಕಿ.ಮೀ. ಓಡಿದರೆ ಮೀಟರ್ 380 ಅನ್ನುತ್ತದೆ. ಆ 20 ಕಿ.ಮೀ. ಲೆಕ್ಕದಲ್ಲಿ ಕಾಣೆ. ಅದನ್ನು ಸೇರಿಸಿ ಮತ್ತೊಮ್ಮೆ ಭಾಗಿಸಿ ನೋಡಿ. ಉಳಿದ ಇಳಿಕೆ ನಿಜವಾದದ್ದು. ಟೈರ್ ಭಾರ, ಗಾಳಿಯ ತಡೆ ಜಾಸ್ತಿ.

ಎಳೆತ ಮಂದವಾಗಲು ಕಾರಣ ಗೇರಿಂಗ್. ದೊಡ್ಡ ಚಕ್ರ ಎಲ್ಲ ಗೇರುಗಳನ್ನೂ ಉದ್ದ ಮಾಡುತ್ತದೆ. ಏರಿನಲ್ಲಿ ಮೊದಲಿಗಿಂತ ಬೇಗ ಗೇರ್ ಇಳಿಸಿ, ಇಂಜಿನ್ನಿಗೆ ಗುದ್ದಾಡಲು ಬಿಡಬೇಡಿ. ಸ್ಪೀಡೋಮೀಟರ್ 100 ತೋರಿಸುವಾಗ ಹಳೇ ಟೈರಿಗೆ ಹೋಲಿಸಿದರೆ ನೀವು 105ರಲ್ಲಿ ಇರುತ್ತೀರಿ. ಕಾರ್ಖಾನೆಯವರು ಮೀಟರನ್ನು ಸಾಮಾನ್ಯವಾಗಿ ಸ್ವಲ್ಪ ಮುಂದೆ ಓಡುವ ಹಾಗೇ ಇಟ್ಟಿರುತ್ತಾರೆ, ಆ ಅಂತರ ಈಗ ಹೋಯಿತು. ಫೋನಿನ ಜಿಪಿಎಸ್ ಇಟ್ಟು ಒಮ್ಮೆ ಹೋಲಿಸಿ.

ಪ್ರಶ್ನೆ: ಹಿಂದೆ ಎತ್ತರಿಸಿದ ಮೇಲೆ ಬ್ರೇಕ್ ಒತ್ತಿದರೆ ಮೂತಿ ಮುಗ್ಗರಿಸುತ್ತದೆ. ಮುಂದಿನ ಪ್ಯಾಡ್ ಬೇಗ ಸವೆಯುತ್ತಿದೆ. ಹಿಂದಿನ ಬ್ರೇಕ್ ಬಿಚ್ಚಿ ನೋಡಿದೆ, ಚೆನ್ನಾಗಿದೆ.

ಈ ತಿಂಗಳ ಒಳ್ಳೆಯ ಪ್ರಶ್ನೆ ಇದು. ಹಿಂದಿನ ಆಕ್ಸಲ್ ಹತ್ತಿರ ಬಗ್ಗಿ ನೋಡಿ. ಬಾಡಿಗೆ ಒಂದು ಸಣ್ಣ ವಾಲ್ವ್, ಅದರಿಂದ ಆಕ್ಸಲಿಗೆ ಒಂದು ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್ ಇದೆಯಾ? ಭಾರ ಹೊರುವ ಹಳೇ ವ್ಯಾಗನ್‌ಗಳು ಹಲವಕ್ಕೆ ಇದು ಇತ್ತು. ಡಿಕ್ಕಿ ತುಂಬಿದಾಗ ಹಿಂಭಾಗ ತಗ್ಗುತ್ತದೆ, ಕಡ್ಡಿ ಅಲುಗುತ್ತದೆ, ವಾಲ್ವ್ ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತದೆ. ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿ ನಿಲ್ಲಬಾರದು ಅಂತ. ನೀವು ಹಿಂಭಾಗ ಎತ್ತಿದ್ದೀರಿ. ವಾಲ್ವಿನ ಪಾಲಿಗೆ ನಿಮ್ಮ ಗಾಡಿ ಯಾವಾಗಲೂ ಖಾಲಿಗಿಂತ ಖಾಲಿ.

ಕಡ್ಡಿಯ ಉದ್ದವನ್ನೋ ಅದರ ಬ್ರಾಕೆಟ್ಟನ್ನೋ ಲಿಫ್ಟ್ ಎಷ್ಟೋ ಅಷ್ಟು ಹೊಂದಿಸಬೇಕು. ಅಂದಾಜಿಗೆ ಬಗ್ಗಿಸಬೇಡಿ. ಬ್ರೇಕ್ ಒತ್ತಡ ಅಳೆಯುವ ಗೇಜ್ ಇರುವವರ ಹತ್ತಿರ ಹೋಗಿ. ಅಲ್ಲಿಯವರೆಗೆ ಡಿಕ್ಕಿಗೆ ಭಾರ ಹಾಕಬೇಡಿ. ಇಂಥ ಬದಲಾವಣೆಗಳನ್ನು ತಪಾಸಣೆಯಲ್ಲೂ ವಿಮೆಯಲ್ಲೂ ಹೇಳಿಕೊಳ್ಳಬೇಕಾದ ನಿಯಮ ಎಷ್ಟೋ ದೇಶಗಳಲ್ಲಿದೆ. ನಿಮ್ಮಲ್ಲಿ ಹೇಗೆ ಅಂತ ಮೊದಲೇ ವಿಚಾರಿಸಿ.

ಪ್ರಶ್ನೆ: ಮರ್ಸಿಡಿಸ್ 123 ವ್ಯಾಗನ್. ಹಿಂದಿನ ಸ್ಪ್ರಿಂಗಿಗೆ ಸ್ಪೇಸರ್ ಕೊಟ್ಟೆ. ಇಂಜಿನ್ ಓಡಿಸಿದ ಸ್ವಲ್ಪ ಹೊತ್ತಿಗೆ ಮತ್ತೆ ತಗ್ಗಿ ಕೂರುತ್ತದೆ!

ನಿಮ್ಮ ಗಾಡಿ ನಿಮಗಿಂತ ಹಟಮಾರಿ. ಹಿಂದೆ ಎಣ್ಣೆಯ ಒತ್ತಡದಿಂದ ಎತ್ತರ ಕಾಯುವ ಏರ್ಪಾಡು ಇದೆ. ತಿರುವಿನಲ್ಲಿ ವಾಲುವುದನ್ನು ತಡೆಯುವ ಹಿಂದಿನ ಆ್ಯಂಟಿ ರೋಲ್ ಬಾರ್‌ಗೆ ಕಟ್ಟಿದ ಸಣ್ಣ ಕಡ್ಡಿಯೊಂದು ಎತ್ತರವನ್ನು ವಾಲ್ವಿಗೆ ತಿಳಿಸುತ್ತದೆ. ನೀವು ಎತ್ತಿದಿರಿ, ಅದು 'ಜಾಸ್ತಿ ಆಯಿತು' ಅಂದುಕೊಂಡು ಎಣ್ಣೆ ಬಿಟ್ಟಿತು. ಸ್ಪೇಸರ್ ಜೊತೆಗೆ ಆ ಕಡ್ಡಿಯನ್ನೂ ಹೊಸ ಎತ್ತರಕ್ಕೆ ಹೊಂದಿಸಿ. ಸವಾರಿ ಕಲ್ಲಿನ ಹಾಗೆ ಗಟ್ಟಿ ಇದ್ದರೆ ಎಣ್ಣೆಗೆ ಸ್ಪ್ರಿಂಗಿನ ಹಾಗೆ ಕೆಲಸ ಮಾಡುವ ಗ್ಯಾಸ್ ಗುಂಡುಗಳು ಸತ್ತಿವೆ. ಮೊದಲು ಅವನ್ನು ಬದಲಿಸಿ.

ಪ್ರಶ್ನೆ: ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿ. ದುಡ್ಡು ಸಾಲದು. ಈಗ ಮುಂದೆರಡು ದೊಡ್ಡ ಟೈರ್, ಆಮೇಲೆ ಹಿಂದೆರಡು ಹಾಕಬಹುದಾ?

ಬೇಡವೇ ಬೇಡ. ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಿದರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲ್ ಅಥವಾ ಕಪ್ಲಿಂಗ್ ನೇರ ರಸ್ತೆಯಲ್ಲೂ ಬೇಯುತ್ತಿರುತ್ತದೆ. ದುಡ್ಡು ಕೂಡಿದ ಮೇಲೆ ನಾಲ್ಕೂ ಒಟ್ಟಿಗೆ ತನ್ನಿ. ಒಂದೇ ಕಂಪನಿ, ಒಂದೇ ಮಾದರಿ.

ಪ್ರಶ್ನೆ: ದೊಡ್ಡ ಟೈರ್ ಹಾಕಿದ ಮೇಲೆ ಹಳೇ ಸ್ಟೆಪ್ನಿ ಸಾಕಾ?

ಮೇಲಿನ ಉತ್ತರ ಓದಿದವರಿಗೆ ಇದರ ಅರ್ಧ ಉತ್ತರ ಸಿಕ್ಕಿರುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗೆ ಹಳೇ ಸಣ್ಣ ಸ್ಟೆಪ್ನಿ ಹಾಕಿಕೊಂಡು ದೂರ ಹೋಗುವ ಹಾಗಿಲ್ಲ. ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ, ಶಕ್ತಿ ಇಲ್ಲದ ಕಡೆಗೆ ಹಾಕಿಕೊಂಡು ಮೆಲ್ಲಗೆ ಪಂಕ್ಚರ್ ಅಂಗಡಿ ಮುಟ್ಟಬಹುದು. ಐದನೇ ಟೈರನ್ನೂ ಅದೇ ಅಳತೆಯದ್ದು ಕೊಳ್ಳುವುದು ಸರಿ. ಆದರೆ ಕೊಳ್ಳುವ ಮೊದಲು ಡಿಕ್ಕಿಯ ಕೆಳಗಿನ ಗುಳಿಗೆ ಟೇಪ್ ಹಿಡಿಯಿರಿ. ಹೆಚ್ಚಿನ ವ್ಯಾಗನ್‌ಗಳಲ್ಲಿ ಅದು ಹಳೇ ಅಳತೆಗೆ ಬಿಗಿಯಾಗಿ ಮಾಡಿದ ಗುಳಿ, ಹೊಸದು ಇಳಿಯುವುದಿಲ್ಲ. ಡಿಕ್ಕಿಯೊಳಗೆ ಒಂದು ಬದಿಗೆ ನೆಟ್ಟಗೆ ನಿಲ್ಲಿಸಿ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಮಾಡಿನ ಮೇಲೆ ಮಾತ್ರ ಬೇಡ. ಗಾಡಿಯನ್ನು ಈಗಾಗಲೇ ಎತ್ತಿದ್ದೀರಿ, ಇನ್ನಷ್ಟು ಭಾರ ನೆತ್ತಿಗೆ ಏರಿಸಿದರೆ ತಿರುವಿನಲ್ಲಿ ವಾಲುತ್ತದೆ. ಜ್ಯಾಕ್ ಕೂಡ ಒಮ್ಮೆ ಎತ್ತಿ ನೋಡಿ. ಹಳೇ ಜ್ಯಾಕ್ ಹೊಸ ಎತ್ತರಕ್ಕೆ ಸಾಲದೇ ಹೋಗಬಹುದು. ಜ್ಯಾಕಿನ ಅಡಿಗೆ ಇಡಲು ಅಗಲದ ಗಟ್ಟಿ ಹಲಗೆಯ ತುಂಡೊಂದು ಡಿಕ್ಕಿಯಲ್ಲಿರಲಿ.