ಪ್ರತಿಕ್ರಿಯೆ: ಕ್ಯಾನ್ಸರ್ ಔಷಧಿಗೆ ಥೈರಾಯ್ಡ್ ಯಾಕೆ ಕೆಟ್ಟಿತು?

ಡೊಂಬಿವಲಿಯ ನಿಮ್ಮ ಮಾವನವರಿಗೆ ಶ್ವಾಸಕೋಶದ ಕ್ಯಾನ್ಸರ್‌ಗೆ ನಿವೊಲುಮ್ಯಾಬ್ (ರೋಗನಿರೋಧಕ ಕೋಶಗಳನ್ನು ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಔಷಧಿ) ಕೊಡುತ್ತಿದ್ದಾರೆ, ಥೈರಾಯ್ಡ್ ಯಾಕೆ ಕೈಕೊಟ್ಟಿತು ಅಂತ ಕೇಳಿದ್ದೀರಿ. ಡೋಸ್ ತಪ್ಪಿರಬೇಕು ಅನ್ನೋ ಅನುಮಾನ ಬಿಡಿ. ಔಷಧಿ ಕೆಲಸ ಮಾಡುವ ರೀತಿಯೇ ಹಾಗೆ.

ನಮ್ಮದೇ ಅಂಗಗಳ ಮೇಲೆ ಬೀಳಬಲ್ಲ ಟಿ ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಎದೆಯೊಳಗಿನ ಥೈಮಸ್ ಗ್ರಂಥಿ ಸೋಸಿ ತೆಗೆಯುತ್ತದೆ, ಆದರೂ ಕೆಲವು ನುಸುಳಿಕೊಂಡು ಎಲ್ಲರ ರಕ್ತದಲ್ಲೂ ಓಡಾಡುತ್ತಿರುತ್ತವೆ. ಅವುಗಳಿಗೆ ಬ್ರೇಕ್ ಅಂದರೆ ಅವುಗಳ ಮೈಮೇಲಿರುವ ಪಿಡಿ-1 ಅನ್ನೋ ಪ್ರೋಟೀನು. ಅಂಗಾಂಶದ ಮೇಲಿನ ಪಿಡಿ-ಎಲ್1 ಅನ್ನೋ ಜೋಡಿ ಪ್ರೋಟೀನು ಅದಕ್ಕೆ ಅಂಟಿಕೊಂಡಾಗ, ಟಿ ಕೋಶದೊಳಗೆ ಎಸ್‌ಎಚ್‌ಪಿ-2 ಅನ್ನೋ ಕಿಣ್ವ ಬಂದು, ದಾಳಿಯ ಸಂಕೇತ ಸಾಗಿಸುವ ಪ್ರೋಟೀನುಗಳ ಫಾಸ್ಫೇಟ್ (ಅವುಗಳ ಆನ್ ಸ್ವಿಚ್ ಇದ್ದಂತೆ) ಕಿತ್ತುಹಾಕುತ್ತದೆ. ಸಂಕೇತ ಅಲ್ಲೇ ಸತ್ತಿತು. ಕ್ಯಾನ್ಸರ್ ಕೂಡ ಇದೇ ಪಿಡಿ-ಎಲ್1 ತೋರಿಸಿ ಬಚಾವಾಗುತ್ತದೆ (ಕಿಲಾಡಿ!). ಔಷಧಿ ಪಿಡಿ-1 ಅನ್ನು ಮುಚ್ಚುವುದು ಗಡ್ಡೆಯಲ್ಲಿ ಮಾತ್ರ ಅಲ್ಲ, ಮೈಯೆಲ್ಲಾ ಅಲ್ವಾ, ಹಾಗಾಗಿ ಸುಮ್ನಿದ್ದ ಕೋಶಗಳು ಥೈರಾಯ್ಡ್ ಮೇಲೂ ಏರಿಹೋಗುತ್ತವೆ.

ಸಿಟಿಎಲ್‌ಎ-4 ಅನ್ನೋ ಇನ್ನೊಂದು ಬ್ರೇಕ್ ಇನ್ನೂ ಬಿಗಿ. ಅದಿಲ್ಲದ ಇಲಿಮರಿಗಳು ತಮ್ಮದೇ ಟಿ ಕೋಶಗಳ ದಾಳಿಗೆ ಸಿಕ್ಕಿ 3-4 ವಾರದಲ್ಲೇ ಸಾಯುತ್ತವೆ.

ಥೈರಾಯ್ಡ್ ಇಳಿದರೆ ಸಾಮಾನ್ಯವಾಗಿ ಥೈರಾಕ್ಸಿನ್ ಮಾತ್ರೆ ಸಾಕು, ಹೆಚ್ಚಿನವರಿಗೆ ಚಿಕಿತ್ಸೆ ನಿಲ್ಲಿಸಬೇಕಾಗುವುದಿಲ್ಲ. ಆದರೆ ಇದೇ ದಾಳಿ ಕರುಳು, ಶ್ವಾಸಕೋಶದ ಮೇಲೂ ಆಗಬಹುದು, ಹಾಗಾಗಿ ಭೇದಿ ಜಾಸ್ತಿಯಾದರೆ, ಹೊಸದಾಗಿ ಕೆಮ್ಮು, ಉಬ್ಬಸ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.